ಬಂಡೆಯಾಚೆ ನೆಟ್ಟಗೆ ನಿಂತ ಹುಟ್ಟು

ಕೋಬರಿಡ್
ಬುಧವಾರ, ೨೨ ಮೇ ೨೦೧೯

ನನ್ನ ಪೊಲೊನಾ,

ಇಪ್ಪತ್ತು ಕಿಲೋಮೀಟರ್ ದೂರದಲ್ಲಿರುವ ಮಗಳಿಗೆ ಅಮ್ಮ ಕಾಗದ ಬರೆಯುತ್ತಿದ್ದಾಳಲ್ಲ, ಇವಳಿಗೇನಾಯಿತು ಎಂದು ನಗಬೇಡ. ಮೊನ್ನೆಯಿಂದ ಮೂರು ಸಲ ಫೋನ್ ಮಾಡಿದೆ. ನೀನು "ಏನಮ್ಮಾ" ಅಂದ ಕೂಡಲೇ ಉಪ್ಪಿನಕಾಯಿ ಬೇಕಾ, ಬಟ್ಟೆ ಒಗೆದೆಯಾ ಎಂದು ಏನೇನೋ ಕೇಳಿ ಇಟ್ಟುಬಿಟ್ಟೆ. ಬಾಯಲ್ಲಿ ಹೇಳಲು ಧೈರ್ಯ ಸಾಲದ ಮಾತು ಇದು. ನಿನ್ನೂರು ಬೋವೆಟ್ಸ್‌ಗೆ ಬರುವ ಬಸ್ಸಿನ ಡ್ರೈವರ್ ಕೈಗೆ ಕೊಟ್ಟು ಕಳಿಸುತ್ತೇನೆ. ಶನಿವಾರದೊಳಗೆ ಓದು. ಪೂರ್ತಿ ಓದು.

ಭಾನುವಾರ ಊಟಕ್ಕೆ ಬಂದಾಗ ನೀನು ಆಲೂಗಡ್ಡೆ ಫ್ರಿಕಾ ಬಾಯಿಗೆ ತುರುಕಿಕೊಂಡು ಹೇಳಿದೆಯಲ್ಲ, ಆ ಮಾತು ನನ್ನನ್ನು ಮಲಗಲು ಬಿಟ್ಟಿಲ್ಲ. ನದಿಯಲ್ಲಿ ದೊಡ್ಡ ಬಂಡೆಗಳ ತಿರುವಿಗೆ ಮೊದಲು ದೋಣಿ ನಿಲ್ಲಿಸಿ ಕೆಳಗೆ ನೋಡಿದೆಯಂತೆ. "ಅಷ್ಟೊತ್ತಿಗಾಗಲೇ ಯಾರೋ ಕೆಳಗಡೆ ಹುಟ್ಟು ನೆಟ್ಟಗೆ ಹಿಡ್ಕೊಂಡು ಕರೀತಿದ್ರಮ್ಮ, ಅದಕ್ಕೆ ಇಳಿದ್ಬಿಟ್ಟೆ. ಕೆಳಗೆ ಹೋಗಿ ನೋಡಿದ್ರೆ ಯಾರೂ ಇಲ್ಲ. ನಮ್ಮೋರು ಎಲ್ಲರೂ ಹಿಂದೇನೇ ಇದ್ರು" ಎಂದೆ. ಬೇರೆ ಗುಂಪಿನವರಿರಬೇಕು, ಬಲು ಒಳ್ಳೆಯವರು ಎಂದೂ ಸೇರಿಸಿದೆ. ನಾನು ಎದ್ದು ಹೋಗಿ ಪಾತ್ರೆ ತೊಳೆಯಲು ಶುರು ಮಾಡಿದೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೀಯ ಎಂದು ನೀನು ತಮಾಷೆ ಮಾಡಿದೆ.

ಆ ಹುಟ್ಟಿಗೆ ಹಳದಿ ಅಲಗಿತ್ತಾ, ಪೊಲೊನಾ? ಅದನ್ನು ನಾನು ಕೇಳಲಿಲ್ಲ. ಹಿಡಿದ ಕೈ ಕಂಡಿತಾ, ಮುಖ ಕಂಡಿತಾ? ಅದನ್ನೂ ಕೇಳಲಿಲ್ಲ. ಉತ್ತರ ನನಗೆ ಗೊತ್ತು.

ಆರು ವರ್ಷದವಳಿದ್ದಾಗ ಅಡುಗೆಮನೆಯಲ್ಲಿ ಕಸಬರಿಗೆ ಹಿಡಿದು ನಿನಗೆ ನಾನೇ ಕಲಿಸಿದ್ದು: ನೆಟ್ಟಗೆ ಎತ್ತಿದರೆ ದಾರಿ ಸರಿಯಿದೆ, ಬಾ, ಅಡ್ಡ ಹಿಡಿದರೆ ನಿಲ್ಲು. ನದಿಯ ಗದ್ದಲದಲ್ಲಿ ಕೂಗಿದರೆ ಕೇಳದು, ಅದಕ್ಕೇ ಈ ಸನ್ನೆ. ಸೋಚಾ ನದಿಯಲ್ಲಿ ದೋಣಿ ಇಳಿಸುವವರೆಲ್ಲ ಇದನ್ನು ಕಣ್ಣು ಮುಚ್ಚಿಕೊಂಡು ನಂಬುತ್ತಾರೆ. ನಾವೂ ನಂಬಿದೆವು.

ಅಪ್ಪ ಸತ್ತದ್ದು ತಲೆಗೆ ಬಂಡೆ ಬಡಿದು, ಕ್ಷಣದಲ್ಲಿ, ನೋವೇ ಗೊತ್ತಾಗದೆ ಎಂದು ನಿನಗೆ ಹೇಳಿ ಬೆಳೆಸಿದೆ. ನಾಲ್ಕು ವರ್ಷದ ಮಗುವಿಗೆ ಇನ್ನೇನು ಹೇಳಲಿ? ಆಮೇಲೆ ತಿದ್ದಬೇಕಿತ್ತು. ತಿದ್ದಲಿಲ್ಲ.

ನಡೆದದ್ದು ಇದು. ೨೦೦೩ರ ಮೇ. ಬೆಟ್ಟದ ಹಿಮ ಕರಗಿ ನೀರು ಹಸಿರು ಹಾಲಿನಂತೆ ಉಕ್ಕುತ್ತಿತ್ತು. ನಾವು ಐವರು: ನಿಮ್ಮಪ್ಪ ಸ್ಟೋಯಾನ್, ನಾನು, ಅಪ್ಪನ ಗೆಳೆಯ ಬೋರುಟ್, ಬೋರುಟ್‌ನ ತಂಗಿ ವಿದಾ, ಟ್ರಿಯೆಸ್ಟೆಯಿಂದ ಬಂದ ಅವಳ ಗೆಳೆಯ. ಆ ತಿರುವಿನಲ್ಲಿ ಒಬ್ಬರು ಹಗ್ಗ ಹಿಡಿದು ದಡದಲ್ಲಿ ನಡೆದು ಮೊದಲು ಕೆಳಗೆ ಹೋಗಬೇಕು ಎಂಬುದು ನಮ್ಮದೇ ನಿಯಮ. ಸ್ಟೋಯಾನ್ ನಕ್ಕ. "ಇದೇನ್ ಹೊಸದಾ? ನಾನೇ ಇಳಿದು ತೋರಿಸ್ತೀನಿ, ನೀವು ಬನ್ನಿ" ಎಂದ. ನಿಮ್ಮಪ್ಪನಿಗೆ ಯಾರೂ ಎದುರಾಡುತ್ತಿರಲಿಲ್ಲ, ನಾನೂ ಸೇರಿ. ಅವನು ಬಂಡೆಯ ಆಚೆ ಹೋದ, ಕಾಣದಾದ.

ಸ್ವಲ್ಪ ಹೊತ್ತಿಗೆ ಬಂಡೆಯ ಮೇಲಿಂದ ಹುಟ್ಟಿನ ಹಳದಿ ಅಲಗು ಎದ್ದಿತು. ನೆಟ್ಟಗೆ. ಅಲಗು ಮತ್ತು ಅರ್ಧ ಕೋಲು ಮಾತ್ರ, ಹಿಡಿದವನು ಕಾಣಲಿಲ್ಲ. ಎಲ್ಲ ಸರಿಯಿದೆ, ಬನ್ನಿ. ನಾನೂ ನನ್ನ ಹುಟ್ಟನ್ನು ನೆಟ್ಟಗೆ ಎತ್ತಿ ಉತ್ತರ ಕೊಟ್ಟೆ. ಅವನ ಹುಟ್ಟು ಮೇಲೆ ಕೆಳಗೆ ಅಲ್ಲಾಡಿತು. "ನೋಡೇ ಡಾರಿಂಕಾ, ನಿನ್ನ ಗಂಡ ಹುಟ್ಟು ಕುಣಿಸ್ತಿದಾನೆ, ಹೊಟ್ಟೆ ಹಸಿದಿರ್ಬೇಕು" ಎಂದಳು ವಿದಾ. ಎಲ್ಲರೂ ನಕ್ಕೆವು.

ಎರಡು ಮೂರು ನಿಮಿಷ ಕಳೆದು ಹೊರಟೆವು. ಬೋರುಟ್ ಮುಂದೆ. ಬಂಡೆ ದಾಟಿದವನು ಅರಚಿದ್ದು ನದಿಯ ಸದ್ದಿನ ಮೇಲೂ ಕೇಳಿಸಿತು. ಬಂಡೆಯ ಅಡಿಯಲ್ಲಿ ಒಂದು ಪೊಟರೆಯಿದೆ, ನೀರು ನುಗ್ಗಿ ಆಚೆ ಹೋಗುತ್ತದೆ, ದೋಣಿ ಹೋಗುವುದಿಲ್ಲ. ಸ್ಟೋಯಾನ್ ದೋಣಿಯ ಸಮೇತ ಅದರಲ್ಲಿ ಸಿಕ್ಕಿಕೊಂಡಿದ್ದ. ಬಂಡೆಗಳ ಸಂದಿಯಲ್ಲಿ ಒಂದು ತೋಳು ಮಾತ್ರ ಮೇಲಿತ್ತು. ಆ ತೋಳು ಹುಟ್ಟನ್ನು ಮೇಲಕ್ಕೆ ನೂಕಿ ಹಿಡಿದಿತ್ತು. ನಮಗೆ ಕಾಣಲಿ ಎಂದು. ಅದು ಒಂದೇ ಅವನಿಗೆ ಸಾಧ್ಯವಿದ್ದದ್ದು. ಅವನು ಕಾಪಾಡಿ ಎಂದ, ನಾವು ಬನ್ನಿ ಎಂದು ಓದಿಕೊಂಡೆವು.

ಈಗ ನೀನು ಅಮ್ಮನಿಗೆ ಅರಳುಮರಳು ಎಂದರೂ ಸರಿ, ಮುಂದಿನದನ್ನು ಬರೆಯುತ್ತೇನೆ. ಆ ವರ್ಷದಿಂದ ಪ್ರತಿ ಮೇ ತಿಂಗಳು, ಹಿಮದ ನೀರು ಬಂದಾಗ, ಮಧ್ಯಾಹ್ನ ಶಾಲೆಯ ಅಡುಗೆ ಮುಗಿಸಿ ನಾನು ಮೇಲಿನ ದಾರಿಯಲ್ಲಿ ನಡೆದು ಹೋಗಿ ನೋಡುತ್ತೇನೆ. ಕೆಲವು ದಿನ ಏನೂ ಇರುವುದಿಲ್ಲ. ಕೆಲವು ದಿನ, ಒಳ್ಳೆಯ ಬಿಸಿಲಿನಲ್ಲಿ, ಮಕ್ಕಳು ಆಚೆ ದಡದಲ್ಲಿ ಕಲ್ಲು ಎಸೆಯುತ್ತಿರುವಾಗಲೇ, ಅದು ಬಂಡೆಯ ಹಿಂದಿನಿಂದ ಏಳುತ್ತದೆ. ಪಾದ್ರಿಗಳಿಗೆ ಹೇಳಿದೆ. ತೇಲಿ ಬಂದ ಕೊಂಬೆ ಇರಬೇಕಮ್ಮ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದರು. ಕೊಂಬೆಯಾದರೆ ಹರಿವಿನ ಜೊತೆ ಬಾಗಬೇಕು. ಇದು ಬಾಗುವುದಿಲ್ಲ. ದುರ್ಬೀನು ಒಯ್ದು ನೋಡಿದೆ. ಮೂರು ಸಲ ಮೇಲೇಳುತ್ತದೆ. ನಿಲ್ಲುತ್ತದೆ. ಮತ್ತೆ ಮೂರು ಸಲ.

ಮೂರು ಸಲ ಸೀಟಿ ಊದಿದರೆ ಕಾಪಾಡಿ ಎಂದರ್ಥ ಎಂದು ದೋಣಿ ಕಲಿಯಲು ಬರುವ ನಿನ್ನ ಶಿಷ್ಯರಿಗೆ ಮೊದಲ ದಿನವೇ ಹೇಳಿಕೊಡುತ್ತೀಯಲ್ಲ. ಅವನ ಹುಟ್ಟು ಕುಣಿಯುತ್ತಿದೆ ಎಂದು ನಾವು ನಕ್ಕ ದಿನ ಯಾರೂ ಎಣಿಸಲಿಲ್ಲ.

ಅದು ನಿನ್ನನ್ನು ಕೊಲ್ಲಲು ಕರೆಯುತ್ತಿದೆ ಎಂದು ನನಗೆ ಅನ್ನಿಸುವುದಿಲ್ಲ. ನಿಮ್ಮಪ್ಪ ಅಂಥವನಲ್ಲ, ಸತ್ತ ಮೇಲೂ ಅಂಥವನಾಗಲಾರ. ಅವನು ಇನ್ನೂ ಬಿಡಿಸಿ ಎನ್ನುತ್ತಿದ್ದಾನೆ. ಆದರೆ ನೋಡುವವರಿಗೆ ಅದು ಬಾ ಎಂದೇ ಕಾಣುತ್ತದೆ. ನೀನು ಅವನ ಮಗಳು, ನೀನೂ ಹಾಗೇ ಓದಿಕೊಂಡು ಇಳಿದೆ. ಅಂದು ನೀರು ಕಡಿಮೆಯಿತ್ತು, ಉಳಿದೆ. ಈ ವಾರ ಬಿಸಿಲು ಜೋರು, ಬೆಟ್ಟವೆಲ್ಲ ಕರಗುತ್ತಿದೆ. ಶನಿವಾರ ನಿನ್ನ ಹಿಂದೆ ಆರು ಜನ ಇರುತ್ತಾರೆ, ನಿನ್ನನ್ನು ನಂಬಿ.

ಆದ್ದರಿಂದ ಅಮ್ಮನ ಮಾತು ಕೇಳು. ದಡದಲ್ಲಿ ನಡೆದು ಒಬ್ಬರು ಹಗ್ಗ ಹಿಡಿದು ಮೊದಲು ಕೆಳಗೆ ಹೋಗದೆ ಯಾರೂ ಇಳಿಯಕೂಡದು, ಎಂಥ ಶೂರನಿದ್ದರೂ. ಹುಟ್ಟು ಎದ್ದಿತೆಂದು ಹೊರಡಬೇಡ. ನಿನ್ನ ಹೆಲ್ಮೆಟ್ ಮೇಲೆ ಕೈ ತಟ್ಟಿ ಕೆಳಗಿರುವವರನ್ನು ಕೇಳು, ಸುಖವಾಗಿದ್ದೀಯಾ ಎಂದು. ಅವರು ತಮ್ಮ ತಲೆ ತಟ್ಟಿ ಉತ್ತರ ಕೊಡಬೇಕು. ಕೈ ಕಾಣಬೇಕು, ತಲೆ ಕಾಣಬೇಕು. ಬರೀ ಹುಟ್ಟಿಗೆ ತಟ್ಟಿಕೊಳ್ಳಲು ತಲೆಯಿಲ್ಲ. ಉತ್ತರ ಬರದಿದ್ದರೆ ಸುಮ್ಮನೆ ಕೂರಬೇಡ, ದಡದಲ್ಲೇ ಕೆಳಗೆ ಓಡು.

ಇನ್ನೊಂದು. ಬೋರುಟ್‌ನನ್ನು ಕರೆದುಕೊಂಡು ಹೋಗು. ಆ ಪೊಟರೆಯ ಮೂಲೆಮೂಲೆ ಅವನಷ್ಟು ಬಲ್ಲವರು ಈ ಕಣಿವೆಯಲ್ಲಿಲ್ಲ. ಮುಂಚೆ ನೀನು ಅವನನ್ನು ಬೋರುಟ್ ಮಾಮ ಎನ್ನುತ್ತಿದ್ದೆ, ಅವನ ಹೆಗಲ ಮೇಲಿಂದ ಇಳಿಯುತ್ತಿರಲಿಲ್ಲ. ಅವತ್ತು ಅಪ್ಪನ ಹಿಂದೆ ಹೊರಡದಂತೆ ಎಲ್ಲರನ್ನೂ ಕಾಯಿಸಿದವನು ಅವನೇ ಎಂದು ಕ್ಲಬ್ಬಿನಲ್ಲಿ ಯಾರೋ ಹೇಳಿದ ದಿನದಿಂದ, ಐದು ವರ್ಷವಾಯಿತು, ಎದುರು ಸಿಕ್ಕರೂ ಮುಖ ತಿರುಗಿಸುತ್ತೀಯ. ಕಳೆದ ಕ್ರಿಸ್‌ಮಸ್‌ನಲ್ಲಿ ಅವನು ಬಾಗಿಲ ತನಕ ಬಂದು ವಾಲ್‌ನಟ್ ರೊಟ್ಟಿ ಇಟ್ಟು ಹೋದ. ನೀನು ಅದನ್ನು ಮುಟ್ಟಲಿಲ್ಲ. ಹಳೆಯದನ್ನು ಬಿಟ್ಟುಬಿಡು. ಎರಡು ಮೂರು ನಿಮಿಷದಲ್ಲಿ ಯಾರೂ ಏನೂ ಮಾಡುವ ಹಾಗಿರಲಿಲ್ಲ.

ಬೆಚ್ಚಗಿರು. ಒದ್ದೆ ಬಟ್ಟೆಯಲ್ಲಿ ಊರೆಲ್ಲ ತಿರುಗಬೇಡ.

ನಿನ್ನನ್ನು ಸದಾ ನೆನೆಯುವ
ಅಮ್ಮ, ಡಾರಿಂಕಾ

ಮತ್ತೆ: ಲಕೋಟೆ ಅಂಟಿಸಿ, ಬಸ್ ನಿಲ್ದಾಣದ ತನಕ ಹೋಗಿ, ವಾಪಸು ಬಂದು ಹರಿದು ತೆರೆದೆ. ಎರಡು ಮೂರು ನಿಮಿಷ ಎಂದು ಬರೆದದ್ದು ಸುಳ್ಳು. ಇಪ್ಪತ್ತೆರಡು ನಿಮಿಷ. ಹುಟ್ಟು ಎದ್ದ ಕೂಡಲೇ "ಹೊರಡೋಣ" ಎಂದವನು ಬೋರುಟ್. "ಕೂತ್ಕೊಳ್ಳೋ, ಏನವಸರ, ಅವನು ಸರಿಯಾಗಿದೀನಿ ಅಂತ ತೋರಿಸ್ತಿದಾನಲ್ಲ, ಒಂದು ಕಾಫಿ ಕುಡಿದು ಹೋಗೋಣ" ಎಂದವಳು ನಾನು. ಸಣ್ಣ ಒಲೆ ಹಚ್ಚಿ ಕಾಫಿ ಕಾಯಿಸಿದೆ. ಎಲ್ಲರೂ ಕುಡಿದೆವು. ಅಷ್ಟು ಹೊತ್ತೂ ಹುಟ್ಟು ಬಂಡೆಯ ಮೇಲೆ ಏಳುತ್ತಿತ್ತು, ಬೀಳುತ್ತಿತ್ತು. ಪೊಟರೆಯಲ್ಲಿ ಉಸಿರಾಡುವಷ್ಟು ಗಾಳಿ ಇತ್ತು, ಕಾಲು ಗಂಟೆಯ ಮೇಲೆ ಬದುಕಿದ್ದಿರಬೇಕು ಎಂದು ಡಾಕ್ಟರು ಆಮೇಲೆ ನನಗೂ ಬೋರುಟ್‌ಗೂ ಮಾತ್ರ ಹೇಳಿದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಬೋರುಟ್ ನನ್ನನ್ನು ನಿಲ್ಲಿಸಿ, "ಮಗು ಬೆಳೀಬೇಕು, ಅದಕ್ಕೆ ಉಳಿದಿರೋದು ಅಮ್ಮ ಒಬ್ಬಳೇ. ಎಲ್ಲರನ್ನೂ ಕಾಯಿಸಿದವನು ನಾನು ಅಂತಾನೇ ಇರಲಿ" ಎಂದ. ನಾನು ಬೇಡ ಎನ್ನಲಿಲ್ಲ. ಹದಿನಾರು ವರ್ಷವೂ ಬೇಡ ಎನ್ನಲಿಲ್ಲ. ಇನ್ನು ಮುಖ ತಿರುಗಿಸುವುದಿದ್ದರೆ ನನ್ನಿಂದ ತಿರುಗಿಸು, ಪೊಲೊನಾ. ಶನಿವಾರ ಅವನನ್ನು ಕರೆದುಕೊಂಡು ಹೋಗು.