ಚೆಂಡು ಬಿದ್ದ ಕಡೆ ನಮ್ಮ ಹುಡುಗಿ

ಕ್ರಾನ್‌ಬರ್ನ್, ಮೆಲ್ಬರ್ನ್
ಜುಲೈ 27, 2024, ಶನಿವಾರ

ನನ್ನ ಮುದ್ದಿನ ಆದ್ಯಾಳಿಗೆ,

ನಿನ್ನ ಭಾಗೀರಥಿ ಅಜ್ಜಿ ಮನಸಾರೆ ಮಾಡುವ ಆಶೀರ್ವಾದಗಳು. ಹೇಗಿದ್ದೀಯ ಪುಟ್ಟಿ? ಭುಜದ ನೋವು ಕಡಿಮೆಯಾಯಿತಾ? ಹೊಟ್ಟೆ ತುಂಬಾ ತಿನ್ನುತ್ತೀಯೋ, ಇಲ್ಲ ಆ ಅಂಗಡಿಯ ಅನ್ನದುಂಡೆಯಲ್ಲೇ ದಿನ ದೂಡುತ್ತೀಯೋ? ಟೋಕಿಯೋದಲ್ಲಿ ಬಿಸಿಲು ಜೋರಂತೆ. ಇಲ್ಲಿ ಈಗ ಚಳಿಗಾಲ, ನನಗೆ ಎರಡು ಸ್ವೆಟರ್ ಹಾಕಿದರೂ ಸಾಲದು. ಮಂಡಿ ಮೊದಲಿನ ಹಾಗೇ ಇದೆ, ಅದರ ಸುದ್ದಿ ಬಿಡು. ಫೋನ್ ಮಾಡುವುದು ಬಿಟ್ಟು ಅಜ್ಜಿ ಯಾಕೆ ಕಾಗದ ಬರೆದಳು ಅಂತ ನಿನಗೆ ಅನ್ನಿಸಬಹುದು. ನಿಮ್ಮಪ್ಪನ ಈ ಯೂನಿಟ್ಟಿನ ಗೋಡೆಗಳು ಹಪ್ಪಳದಷ್ಟು ತೆಳು, ನಾನು ಕೆಮ್ಮಿದರೂ ಅವನು ಅಲ್ಲಿಂದ ಏನಮ್ಮಾ ಅನ್ನುತ್ತಾನೆ. ಇನ್ನು ಗುಟ್ಟು ಹೇಳುವುದು ಹೇಗೆ? ನಿನಗೆ ಕನ್ನಡ ಅಕ್ಷರ ಕಲಿಸಿದ್ದು ನಾನೇ ತಾನೆ, ನಿಧಾನವಾಗಿ ಓದಿಕೋ. ಒತ್ತಕ್ಷರ ಅಡ್ಡ ಬಂದರೆ ಒಂದು ಕ್ಷಣ ನಿಂತು ಮುಂದೆ ಹೋಗು.

ನಾನು ಸಿಡ್ನಿಯ ರೌಸ್ ಹಿಲ್ ಮನೆ ಬಿಟ್ಟು ಇಲ್ಲಿಗೆ ಬಂದದ್ದು ಬುಧವಾರ. ನಿಮ್ಮಪ್ಪನಿಗೆ ಮತ್ತೆ ಅಸಿಡಿಟಿ. ಇರುವುದು ಒಬ್ಬನೇ, ಬೇಯಿಸುವುದಕ್ಕೆ ಸೋಮಾರಿತನ, ಆಫೀಸು ಮುಗಿಸಿ ಬಂದವನಿಗೆ ಬ್ರೆಡ್ಡೇ ಗತಿ. ಸಿಡ್ನಿಯ ಮನೆ ಮಾರ್ಟ್‌ಗೇಜಿನಲ್ಲಿ, ಕೆಲಸ ಮೆಲ್ಬರ್ನಿನಲ್ಲಿ, ಹೀಗಾಗಿ ವಾರಕ್ಕೊಮ್ಮೆ ಹಾರಿ ಬರುವ ಗಂಡನಾಗಿದ್ದಾನೆ. ಹದಿನೈದು ದಿನ ಇದ್ದು ಸಾರು ಅನ್ನ ಮಾಡಿ ಹಾಕುತ್ತೇನೆ ಅಂತ ಹೊರಟೆ. ಏರ್‌ಪೋರ್ಟಿನಲ್ಲಿ ಗಾಲಿಕುರ್ಚಿಯಲ್ಲಿ ಕೂರಿಸಿ ಮಹಾರಾಣಿಯಂತೆ ಕರೆದುಕೊಂಡು ಹೋದರು. ಆದರೆ ಪುಟ್ಟಿ, ನಾನು ಬಂದದ್ದು ಬರೀ ಸಾರು ಮಾಡುವುದಕ್ಕಲ್ಲ. ಫೆಬ್ರವರಿಯಿಂದ ನೀವಿಬ್ಬರೂ ಮಾತು ಬಿಟ್ಟಿದ್ದೀರಿ. ಯೂನಿವರ್ಸಿಟಿ ಓದನ್ನು ಅರ್ಧಕ್ಕೆ ನಿಲ್ಲಿಸಿ ಜಪಾನೀ ಭಾಷೆ ಕಲಿಯುತ್ತೇನೆ ಅಂತ ನೀನು ಹೊರಟೆ. ನಿನ್ನನ್ನು ಕಳಿಸಿಕೊಡುವುದಕ್ಕೂ ಅವನು ಬರಲಿಲ್ಲ. ಹೋದ ತಿಂಗಳು ನೀನು ಫೋನಿನಲ್ಲಿ, ಅಪ್ಪನಿಗೆ ನಾನು ಬೇಡವಾದ ಮೇಲೆ ದೀಪಾವಳಿಗೆ ಯಾಕೆ ಬರಲಿ ಅಂತ ಇಂಗ್ಲಿಷಿನಲ್ಲಿ ಅತ್ತೆಯಲ್ಲ, ಅಂದಿನಿಂದ ನನಗೆ ಊಟ ರುಚಿಸಿಲ್ಲ. ನೀನಿಲ್ಲದ ದೀಪಾವಳಿಗೆ ನಾನು ಯಾರ ತಲೆಗೆ ಎಣ್ಣೆ ಒತ್ತಲಿ?

ಇನ್ನು ನೀನು ತಂಪು ಪಾನೀಯ ಮಾರುವ ಆ ಬೇಸ್‌ಬಾಲ್ ಆಟದ ವಿಷಯ. ಆಲ್‌ಸ್ಟಾರ್ ಪಂದ್ಯಕ್ಕೆ ನನ್ನ ಡ್ಯೂಟಿ ಇದೆ, ಟಿವಿ ನೋಡಿ, ಕಂಡರೂ ಕಾಣಬಹುದು ಅಂತ ನಿಮ್ಮಮ್ಮನಿಗೆ ಮೆಸೇಜ್ ಹಾಕಿದೆಯಲ್ಲ, ಸುಜಾತಾ ಮಂಗಳವಾರ ಸಂಜೆ ಆಫೀಸಿನಿಂದ ಬಂದವಳೇ ಕಾಲೂ ತೊಳೆಯದೆ ಅದನ್ನು ಹುಡುಕಿ ದೊಡ್ಡ ಟಿವಿಗೆ ಹಾಕಿದಳು. ಮೊದಲಿಗೆ ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಒಂದು ಗೊತ್ತಾಯಿತು. ಬ್ಯಾಟು ಹಿಡಿದವನು ಬೀಸಿ ಹೊಡೆದು ಚೆಂಡು ಬೇಲಿ ದಾಟಿ ಜನರ ಮಧ್ಯೆ ಬಿದ್ದರೆ ಕ್ಯಾಮೆರಾವೂ ಅದರ ಹಿಂದೆಯೇ ಓಡುತ್ತದೆ. ಆಗ ಕೂತವರು, ನಿಂತವರು, ಚೆಂಡಿಗೆ ಕಿತ್ತಾಡುವವರು ಎಲ್ಲರ ಮುಖವೂ ಕಾಣುತ್ತದೆ. ಅಲ್ಲಿಗೆ ನಮ್ಮಿಬ್ಬರಿಗೂ ಆಟ ಅರ್ಥವಾಯಿತು ಅಂತಿಟ್ಟುಕೋ. ಯಾವ ಕಡೆಯವನಾದರೂ ಸರಿ, ಹೊಡೆಯಲಿ, ನಮ್ಮ ಹುಡುಗಿ ಕಾಣಲಿ! ಅವರೂ ಮೋಸ ಮಾಡಲಿಲ್ಲ, ಹಬ್ಬದ ಮನೆಯಲ್ಲಿ ಹೋಳಿಗೆ ಬಡಿಸಿದ ಹಾಗೆ ರನ್ ಬಡಿಸಿದರು. ಸುಜಾತಾ ಕನ್ನಡಕ ಹಾಕಿಕೊಂಡು ಟಿವಿಗೆ ಮೂಗು ತಾಗಿಸಿ ನಿಂತಿದ್ದಳು. ಆಟ ಮುಗಿದರೂ ನೀನು ಕಾಣಲಿಲ್ಲ. ಆಮೇಲೆ ನಿನ್ನ ಮೆಸೇಜ್ ಬಂತು, ಇವತ್ತಿನದು ಹೊಕ್ಕೈಡೊದಲ್ಲಿ, ನಾನಿರುವುದು ಟೋಕಿಯೋದಲ್ಲಿ, ನಮ್ಮ ಪಂದ್ಯ ನಾಳೆ ಅಂತ. ಎರಡು ದಿನದ ಆಟ ಎರಡು ಊರಿನಲ್ಲಿ ಅಂತ ಮೊದಲೇ ಹೇಳಬಾರದೇನೇ? ನಿಮ್ಮಮ್ಮನೂ ಅಷ್ಟೇ, ಸಾಫ್ಟ್‌ವೇರಿನಲ್ಲಿ ದೊಡ್ಡ ಹುದ್ದೆ, ಊರು ಯಾವುದು ಅಂತ ಕೇಳುವ ಬುದ್ಧಿ ಬರಲಿಲ್ಲ. ನೀನಿಲ್ಲದ ಊರಿನಲ್ಲಿ ಸಂಜೆಯೆಲ್ಲಾ ನಿನ್ನನ್ನು ಹುಡುಕಿ ಇಬ್ಬರೂ ನಕ್ಕು ನಕ್ಕು ಸಾಕಾದೆವು.

ಮರುದಿನ ಇಲ್ಲಿಗೆ ಬಂದು, ಸಂಜೆ ಅಡುಗೆ ಮುಗಿಸಿ, ನಿಮ್ಮಪ್ಪನಿಗೆ ಟಿವಿಯಲ್ಲಿ ಬೇಸ್‌ಬಾಲ್ ಹಾಕಿಕೊಡು ಅಂದೆ. ಅವನು ಹಣೆ ಮುಟ್ಟಿ ನೋಡಿದ, ಜ್ವರ ಏನಾದರೂ ಇದೆಯಾ ಅಂತ. "ಕ್ರಿಕೆಟ್ಟೇ ನೋಡದವಳಿಗೆ ಇದೇನಮ್ಮಾ ಹೊಸ ಹುಚ್ಚು?" ಅಂದ. "ವಯಸ್ಸಾದವರು ಹೊಸದೇನಾದರೂ ಕಲೀಬೇಕಂತೆ ಕಣೋ" ಅಂದೆ. ನಂಬಿದನೋ ಬಿಟ್ಟನೋ, ಹಾಕಿಕೊಟ್ಟು ಟಿವಿಗೆ ಬೆನ್ನು ಮಾಡಿ ಲ್ಯಾಪ್‌ಟಾಪ್ ಹಿಡಿದು ಕೂತ. ನಾನು ಗೋಡೆಗೆ ಹೇಳುವ ಹಾಗೆ ಹೇಳುತ್ತಲೇ ಇದ್ದೆ, ವರ್ಷವಿಡೀ ಒಬ್ಬರ ಮೇಲೊಬ್ಬರು ಹಲ್ಲು ಮಸೆಯುವ ತಂಡದವರು ಈ ಎರಡು ದಿನ ಒಂದೇ ಕಡೆ ನಿಂತು ಆಡುತ್ತಾರಂತೆ, ನೋಡುವುದಕ್ಕೆ ಬಂದವರೂ ತಮ್ಮ ತಮ್ಮ ತಂಡದ ಅಂಗಿ ಹಾಕಿಕೊಂಡು ಅಕ್ಕಪಕ್ಕ ಕೂರುತ್ತಾರಂತೆ, ಎಷ್ಟು ಚೆಂದ ಅಂತ. ಅವನು ಟಪಟಪ ಟೈಪ್ ಮಾಡುತ್ತಲೇ ಇದ್ದ.

ಅವತ್ತಂತೂ ಚೆಂಡು ಎಸೆಯುವವರ ಪಾಡು ಯಾರಿಗೂ ಬೇಡ. ಒಬ್ಬ ಬರುತ್ತಾನೆ, ಏಟು ತಿನ್ನುತ್ತಾನೆ, ತಲೆ ತಗ್ಗಿಸಿ ಹೋಗುತ್ತಾನೆ, ಇನ್ನೊಬ್ಬ ಬರುತ್ತಾನೆ. ಒಂದು ಸರದಿಯಂತೂ ಮುಗಿಯುವುದೇ ಇಲ್ಲವೇನೋ ಅನ್ನಿಸಿತು. ನಾನು ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದಾಗ ಇನ್ನೊಂದು ಚೆಂಡು ಜನರ ಮಧ್ಯೆ ಬಿತ್ತು. ಹಿಂದಿನಿಂದ ದನಿ ಬಂತು, "ಅಮ್ಮಾ, ಅದು ನಮ್ಮ ಆದ್ಯಾ." ನನಗಿಂತ ಮೊದಲು ನಿನ್ನನ್ನು ಕಂಡವನು ಬೆನ್ನು ಮಾಡಿ ಕೂತಿದ್ದ ನಿಮ್ಮಪ್ಪ! ಯಾವಾಗ ಈ ಕಡೆ ತಿರುಗಿದ್ದನೋ ಆ ದೇವರಿಗೇ ಗೊತ್ತು. ನೀನು ಹಳದಿ ಟೋಪಿ ಹಾಕಿಕೊಂಡು, ಬೆನ್ನಿಗೆ ಪೀಪಾಯಿ ಕಟ್ಟಿಕೊಂಡು, ಮೆಟ್ಟಿಲ ಮೇಲೆ ಮಂಡಿಯೂರಿ ಯಾರಿಗೋ ಲೋಟ ತುಂಬಿಸಿಕೊಡುತ್ತಿದ್ದೆ. ಮುಖದ ತುಂಬಾ ನಗು. ತಂಪು ಪಾನೀಯ ಮಾರುತ್ತೇನೆ ಅಂದಿದ್ದೆಯಲ್ಲ, ನಾನು ಸೋಡಾ ಅಂದುಕೊಂಡಿದ್ದೆ. ಲೋಟದ ಮೇಲೆ ಬಿಳಿ ನೊರೆ ಎದ್ದಾಗ ಅದು ಬಿಯರು ಅಂತ ಗೊತ್ತಾಯಿತು. ಕಾಫಿ ಬಿಟ್ಟು ಬೇರೇನೂ ಮುಟ್ಟದವನು ನಿಮ್ಮಪ್ಪ, ಈಗ ಇವನು ಕೂಗಾಡುತ್ತಾನೆ, ಹುಡುಗಿ ಮನೆಗೆ ಬರುವ ದಾರಿಯೇ ಮುಚ್ಚಿತು ಅಂತ ಸೆರಗು ಹಿಡಿದುಕೊಂಡು ಕೂತೆ.

ಅವನು ಎದ್ದು ಬಂದು ಟಿವಿಯ ಮುಂದೆ ನಿಂತ. ಅಷ್ಟರಲ್ಲಿ ನೀನು ಕಣ್ಮರೆಯಾಗಿದ್ದೆ. ಅವನು ಕೇಳಿದ್ದು ಒಂದೇ ಮಾತು, "ಅದು ಎಷ್ಟು ಭಾರ ಇರಬಹುದಮ್ಮಾ?" ಬಿಯರಿನ ಮಾತೇ ಎತ್ತಲಿಲ್ಲ. ಅಕ್ಕಿ ಮೂಟೆಯಷ್ಟು ಭಾರ, ಭುಜ ನೋಯುತ್ತದಂತೆ ಅಂದೆ. ನನಗೂ ತಡೆಯಲಾಗಲಿಲ್ಲ, ಒಂದು ಮಾತು ಸೇರಿಸಿಯೇ ಬಿಟ್ಟೆ, "ಅವಳೂ ನಿನ್ನ ಹಾಗೆ ಲೈಬ್ರರಿಯಲ್ಲಿ ಕೆಲಸ ಮಾಡ್ತೀನಿ ಅಂತ ಹೇಳಬಹುದಿತ್ತಪ್ಪ" ಅಂತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಅವನ ಮುಖ. ಈ ಕಥೆ ನಿನಗೆ ಗೊತ್ತಿಲ್ಲ. ನಿಮ್ಮಪ್ಪ ಓದುವುದಕ್ಕೆ ಸಿಡ್ನಿಗೆ ಬಂದ ಹೊಸತರಲ್ಲಿ ಹ್ಯಾರಿಸ್ ಪಾರ್ಕಿನ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ. ಮೈಸೂರಿಗೆ ನಮಗೆ ಬರೆದದ್ದು ಮಾತ್ರ ಲೈಬ್ರರಿಯಲ್ಲಿ ಕೆಲಸ ಅಂತ. ಮೊದಲ ಸಲ ಊರಿಗೆ ಬಂದಾಗ ಅವನ ಬೆರಳುಗಳು ಬಿರಿದಿದ್ದವು. "ಆ ದೇಶದಲ್ಲಿ ಪುಸ್ತಕಾನ ಸೋಪು ಹಾಕಿ ತೊಳೀತಾರೇನೋ?" ಅಂತ ನಿನ್ನ ತಾತ ಕೇಳಿದ್ದರು. ತಾಯಿಯಂತೆ ಮಗಳು ಅನ್ನುತ್ತಾರೆ, ನೀನು ಪೂರ್ತಿ ಅಪ್ಪನಂತೆ. ನೀನೇ ಎಷ್ಟೋ ವಾಸಿ, ತಂಪು ಪಾನೀಯ ಅಂತ ಅರ್ಧ ನಿಜವನ್ನಾದರೂ ಹೇಳಿದ್ದೆ.

ಆಮೇಲೆ ಅವನು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತವನು ಏಳಲೇ ಇಲ್ಲ. "ಹೊಡಿಯೋ ಮಾರಾಯ, ಆ ಕಡೆ ಹೊಡಿ!" ಅಂತ ಎರಡೂ ಕಡೆಯವರಿಗೆ ಕೂಗುತ್ತಿದ್ದ. ಅವರಿಗೂ ಕೇಳಿಸಿತೋ ಏನೋ, ಚೆಂಡು ಮತ್ತೆ ನಿನ್ನ ಕಡೆಗೇ ಬಂತು. ಯಾರೋ ಕೈ ಎತ್ತಿ ಕರೆದರು, ನೀನು ಆ ಭಾರ ಹೊತ್ತುಕೊಂಡು ಮೆಟ್ಟಿಲು ಹತ್ತಿ ಓಡಿದೆ. ತಿರುಗಿ ನೋಡುತ್ತೇನೆ, ನಿಮ್ಮಪ್ಪನ ಕೈಯೂ ಅರ್ಧ ಮೇಲೆದ್ದಿತ್ತು. ನಾನು ನೋಡಿದೆ ಅಂತ ಗೊತ್ತಾಗಿ ತಲೆ ಕೆರೆದುಕೊಂಡ. ಕೊನೆಗೆ ಯಾರು ಗೆದ್ದರು ಅಂತ ನನ್ನನ್ನು ಕೇಳಬೇಡ. ಅವನು ಎರಡು ಸಲ ಸಾರು ಹಾಕಿಸಿಕೊಂಡು ಉಂಡ, ನನಗೆ ಅಷ್ಟೇ ಗೊತ್ತು. ಊಟವಾದ ಮೇಲೆ ಫೋನ್ ಕೈಗೆ ತಗೊಂಡ, ಕೆಳಗಿಟ್ಟ, ಮತ್ತೆ ತಗೊಂಡ, ಮತ್ತೆ ಇಟ್ಟ. ಅದು ಕೋಪವಲ್ಲ ಪುಟ್ಟಿ. ಇಷ್ಟು ದಿನ ಬಿಟ್ಟು ಈಗ ಏನಂತ ಶುರು ಮಾಡಲಿ ಅನ್ನುವ ಸಂಕೋಚ. ನನಗಂತೂ ಅವತ್ತು ತುಂಬಾ ದಿನಗಳ ಮೇಲೆ ಒಳ್ಳೆಯ ನಿದ್ದೆ ಬಂತು.

ಭುಜಕ್ಕೆ ಬಿಸಿನೀರಿನ ಶಾಖ ಕೊಡು. ಆ ಪೀಪಾಯಿಯ ಪಟ್ಟಿಯ ಅಡಿಗೆ ಟವೆಲ್ಲು ಮಡಿಸಿ ಇಟ್ಟುಕೋ. ದುಡಿದು ತಿನ್ನುವುದರಲ್ಲಿ ನಾಚಿಕೆ ಪಡಬೇಡ. ಸುಜಾತಾ ನಿನಗೆ ಚಟ್ನಿಪುಡಿ ಕಳಿಸುತ್ತಾಳೆ. ಚಾಮುಂಡಿ ತಾಯಿ ನಿನ್ನನ್ನು ಕಾಪಾಡಲಿ, ಕಲಿಯುವುದಕ್ಕೆ ಹೋದ ಭಾಷೆ ನಾಲಿಗೆಗೆ ಒಲಿಯಲಿ.

ನಿನ್ನ ಪ್ರೀತಿಯ ಅಜ್ಜಿ,
ಭಾಗೀರಥಿ

ಮರೆತಿದ್ದೆ: ನಿಮ್ಮಪ್ಪ ಹಾಲು ತರಲು ಹೋಗಿದ್ದಾನೆ, ಬರುವುದರೊಳಗೆ ಗೀಚುತ್ತಿದ್ದೇನೆ. ಆಗಸ್ಟ್ ಕೊನೆಗೆ ಟೋಕಿಯೋಗೆ ಆಫೀಸ್ ಕೆಲಸ ಇದೆ ಅಂತ ಬೆಳಗ್ಗೆ ಹೇಳಿದ. ಅವನ ಆಫೀಸಿಗೂ ಟೋಕಿಯೋಗೂ ಏನೇನೂ ಸಂಬಂಧವಿಲ್ಲ. ಅದೇ ಸ್ಟೇಡಿಯಮ್ಮಿನಲ್ಲಿ ಸೀಟು ಬುಕ್ ಮಾಡಿದ್ದಾನೆ, ಆದ್ಯಾ ಯಾವ ಕಡೆ ಇರುತ್ತಾಳೆ ಅಂತ ಸುಜಾತಾಳನ್ನು ಕೇಳಿ ತಿಳಿದುಕೊಂಡಿದ್ದಾನೆ. ನಾನು ಹೇಳಿದೆ ಅಂತ ತೋರಿಸಿಕೊಳ್ಳಬೇಡ. ಅವನು ಕುಡಿಯುವವನಲ್ಲ, ಆದರೂ ಕೈ ಎತ್ತುತ್ತಾನೆ. ಕಂಡ ತಕ್ಷಣ ಓಡಬೇಡ, ಬೆನ್ನ ಮೇಲೆ ಭಾರವಿರುತ್ತದೆ, ಮೆಟ್ಟಿಲು ಜಾರುತ್ತದೆ. ನಿಧಾನವಾಗಿಯೇ ಹೋಗು ಪುಟ್ಟಿ, ಅವನು ಕಾಯುತ್ತಾನೆ.