ಮೂಗನಲ್ಲದ ಬಾಡಿಗೆದಾರ

ನೆರೆದಿರುವ ಮರಗಳೇ, ಮಂಗಗಳೇ, ಮಹಾಜನರೇ! ನನ್ನ ಮೇಲೆ ಮುನಿದು ಹೋದ ಗುಡಿಸಲಿನ ಒಡತಿ ಅಕ್ಕನವರೇ!

ಇಂದು ಬೆಳಿಗ್ಗೆ ನೀವು ಹಾಲು ತರುವ ದಾರಿಗೆ ಕರಡಿ ಅಡ್ಡ ಬಂದದ್ದನ್ನು ಕಿಟಕಿಯಿಂದ ಕಂಡು, "ಅಕ್ಕಾ, ಅಲ್ಲೇ ನಿಲ್ಲಿ!" ಎಂದು ಕೂಗಿದೆ. ಕರಡಿ ಓಡಿತು. ನೀವು ಹಾಲಿನ ಕ್ಯಾನು ಕುಕ್ಕಿ, "ಅಯ್ಯೋ ಪುಣ್ಯಾತ್ಮ, ನಿಮಗೆ ಮಾತು ಬರುತ್ತಾ? ಮೂಗ ಅಂತ ನಂಬಿ ಮನೆ ಗುಟ್ಟೆಲ್ಲ ಬಿಚ್ಚಿಟ್ಟೆನಲ್ಲ!" ಎಂದು ಹೊರಟೇಬಿಟ್ಟಿರಿ.

ಅಕ್ಕಾ, ನಾನು ನಾಟಕದವನು. ಗಂಟಲ ಆಪರೇಷನ್ ಮಾಡಿದ ಡಾಕ್ಟರು, "ನಲವತ್ತು ದಿನ ತುಟಿ ಬಿಚ್ಚಬೇಡಿ, ಬಿಚ್ಚಿದ್ರೆ ದನಿ ಹೋಗುತ್ತೆ" ಅಂದರು. ಮೈಕಿಲ್ಲದೆ ಮೂರು ಸಾವಿರ ಜನಕ್ಕೆ ಕೇಳಿಸಿದ ದನಿ! ಮಾತಾಡಿಸುವವರಿಲ್ಲವೆಂದೇ ಈ ಕಾಡಿನ ಗುಡಿಸಲು ಹಿಡಿದೆ. ನಿಜ ಬರೆದು ತಿಳಿಸಲು ನಾಚಿಕೆಯಾಯಿತು. ನೀವು ಮೂಗ ಎಂದುಕೊಂಡಿರಿ, ನಾನೂ ಸುಮ್ಮನಿದ್ದೆ. ತಪ್ಪು ನನ್ನದೇ.

ಆದರೆ ಕೇಳಿ. ಮೂರನೇ ದಿನಕ್ಕೇ ಮೌನ ತಡೆಯಲಾರದೆ ಪೆಟ್ಟಿಗೆ ಕಟ್ಟಿದ್ದೆ. ಅಂದು ನೀವು ಹೊಸ್ತಿಲಲ್ಲಿ ಕೂತು ಓರಗಿತ್ತಿಯ ಕಥೆ ಶುರುಮಾಡಿ, ಅರ್ಧಕ್ಕೇ ನಿಲ್ಲಿಸಿ, "ಉಳಿದದ್ದು ನಾಳೆ" ಅಂದಿರಿ. ಅಂಥ ನಾಳೆಗಳಿಗಾಗಿಯೇ ಮೂವತ್ತೈದು ದಿನ ಬಾಯಿ ಮುಚ್ಚಿಕೊಂಡು ಉಳಿದೆ. ಇಂದು ಹೊರಟ ದನಿ ಒಡೆದ ಕಹಳೆಯಂತಿತ್ತು, ಆದರೂ ಹೊರಟಿತು. ಅದು ನಿಮ್ಮ ಋಣ.

ನಿಮ್ಮ ಗುಟ್ಟುಗಳು ನನ್ನ ಜೊತೆಯೇ ಮಣ್ಣಾಗುತ್ತವೆ. ಉಳಿದ ಐದು ದಿನ ಗುಡಿಸಲು ಬಿಡಿಸಬೇಡಿ. ಚಿಲಕ ಸಡಿಲವಾಗಿದೆ, ಒಂದು ಸುತ್ತಿಗೆ ಕೊಟ್ಟರೆ ನಾನೇ ಬಿಗಿಮಾಡುತ್ತೇನೆ.

ನಾಳೆ ಬೆಳಿಗ್ಗೆ ನಿಮ್ಮ ಮನೆ ಬಾಗಿಲಿಗೆ ಬಂದು ನಿಲ್ಲುತ್ತೇನೆ. ಹೊಟ್ಟೆತುಂಬ ಬೈಯಿರಿ. ನಿಮಗೆ ಸಾಕೆನಿಸುವವರೆಗೂ ಕದಲುವುದಿಲ್ಲ, ಚಕಾರವನ್ನೂ ಎತ್ತುವುದಿಲ್ಲ.

ಇಂತಿ,
ನಿಮ್ಮ ಬಾಡಿಗೆಯ ತಮ್ಮ