ಅವ್ವನ ಮೊಣಕೈ

ನನ್ನ ಟೇಲರ್ ಅಪ್ಪಾ,

ಲಕ್ಷ್ಮೇಶ್ವರದ ನಮ್ಮ ಅಂಗಡಿಯಲ್ಲಿ ತುಂಬುತೋಳಿನ ಅಂಗಿಗೆ ಅಳತೆ ಕೊಡುವವರು ಕೈ ನೆಟ್ಟಗೆ ಚಾಚಿ ನಿಲ್ಲುತ್ತಿದ್ದರು. ನೀನು ಸಿಡುಕುತ್ತಿದ್ದೆ: "ಕೈ ಮಡಚ್ರಿ ಸಾಹೇಬ್ರ, ಇಲ್ಲಂದ್ರ ಉಣ್ಣಾಕ ಕುಂತಾಗ ತೋಳು ಮ್ಯಾಲೆ ಏರತೈತಿ!" ಗದಗಿನ ಆಸ್ಪತ್ರೆಯಲ್ಲಿ ನರಗಳ ಪರೀಕ್ಷೆ ಮಾಡುವಾಗ ನಾನೂ ಟೇಪು ಹಿಡಿದು ಜನರಿಗೆ ಹೀಗೇ ಗದರುತ್ತೇನೆ. ಅಪ್ಪನ ಮಗಳಲ್ಲವೇ?

ಹೋದ ವಾರ ನನ್ನೆದುರು ಮಲಗಿದ್ದವಳು ಅವ್ವ. ನೀನು ಹೋದಮೇಲೆ ನಿನ್ನ ಮಷೀನು ಅವಳೇ ತುಳಿಯುತ್ತಾಳೆ. ಕಿರುಬೆರಳು, ಉಂಗುರಬೆರಳು ಜೋಮುಹಿಡಿದು, "ಕೈ ಹೋದ್ರ ಮಷೀನ್ ಮಾರಬೇಕಲ್ಲ ಯವ್ವಾ," ಎಂದು ಅತ್ತಳು. ಅವಳ ಅಳು ಕಂಡರೆ ನಾನು... ಇರಲಿ.

ಕರೆಂಟು ಸಣ್ಣಗೆ ತಾಗಿಸಿದರೂ "ಯಪ್ಪಾ, ಸತ್ತೆ!" ಎಂದು ಕೈ ಚಾಚಿಬಿಡುತ್ತಿದ್ದಳು. ಹಾಗೇ ಚಾಚಿದ ಕೈಯಲ್ಲಿ ನೋಡಿದಾಗ ಮೊಣಕೈ ದಾಟುವಲ್ಲಿ ನರದ ವೇಗ ಕಡಿಮೆ ಬಂತು. "ಹಿಂಗ ಇದ್ರ ಆಪರೇಷನ್ ಬೇಕಾದೀತು," ಎಂದರು ಡಾಕ್ಟರು. ಆದರೆ ಕೈ ಚಾಚಿದಾಗ ನರ ಒಳಗೆ ಸಡಿಲಾಗಿ ಮಡಿಕೆ ಬಿದ್ದಿರುತ್ತದೆ. ಚರ್ಮದ ಮೇಲಿನ ಟೇಪಿಗೆ ಆ ಮಡಿಕೆ ಸಿಗುವುದಿಲ್ಲ. ಅಳೆದ ಅಂತರವನ್ನು ಕರೆಂಟು ಹರಿದ ಹೊತ್ತಿನಿಂದ ಭಾಗಿಸಿದರೆ ವೇಗ; ಅಂತರ ಕಡಿಮೆ ಬಿದ್ದರೆ ಗಟ್ಟಿಮುಟ್ಟಾದ ನರವೂ ನಿಧಾನವೆಂದು ತೋರುತ್ತದೆ.

"ಸರ್, ಕೈ ಮಡಚಿಸಿ ಇನ್ನೊಮ್ಮೆ ನೋಡ್ತೀನ್ರಿ," ಎಂದೆ.

"ನೋಡ್ರಿ, ಅದಕ್ಕೇನಂತ."

ಆಮೇಲೆ ಹೆದರಿದೆ ಅಪ್ಪಾ. ಮಗಳ ಆಸೆಯೇ ಟೇಪನ್ನು ಎಳೆದುಬಿಟ್ಟರೆ? ಜೊತೆಗೆ ಕೆಲಸ ಮಾಡುವವಳಿಗೆ ಟೇಪು ಕೊಟ್ಟು, ನಾನು ಅವ್ವನ ಕೈಯನ್ನು ಮಡಚಿ ಹಿಡಿದು ಕೂತೆ. "ಬಿಡ ಲೇ, ನೋಯ್ತೈತಿ," ಎಂದು ಬೈದಳು. "ಆತು ಯವ್ವಾ, ಆತು," ಎನ್ನುತ್ತಾ ಬಿಡದೆ ಹಿಡಿದೆ.

ಈ ಸಲ ವೇಗ ಸರಿಯಾಗಿ ಬಂತು. ನರ ಚೆನ್ನಾಗಿದೆ ಅಪ್ಪಾ! ಆಪರೇಷನ್ ಬೇಡ, ಮಷೀನು ಮಾರುವುದೂ ಬೇಡ.

ಮತ್ತೆ ಜೋಮು ಯಾಕೆ? "ಹೆಂಗ ಮಲಗ್ತೀರಿ?" ಎಂದು ಡಾಕ್ಟರು ಕೇಳಿದರು. "ಕೈ ಮಡಚಿ ತಲಿ ಕೆಳಗ ಇಟ್ಕೊಂಡು," ಎಂದಳು ಅವ್ವ. ಇಡೀ ರಾತ್ರಿ ಹಾಗಿದ್ದರೆ ನರ ಬಿಗಿದು ಜೋಮು ಹಿಡಿಯುತ್ತದಂತೆ. "ಮನ್ಯಾಗ ದಿಂಬು ಇಲ್ಲೇನ್ರಿ?" ಎಂದರು.

ಇದೆ, ನಿನ್ನದು. ಅದನ್ನು ಹಾಸಿಗೆಯಲ್ಲಿ ನಿನ್ನ ಜಾಗದಲ್ಲೇ ಇಟ್ಟು, ಪಕ್ಕದಲ್ಲಿ ಬರಿ ಕೈಮೇಲೆ ತಲೆಯಿಟ್ಟು ಮಲಗುತ್ತಾಳೆ. ಹೊಸ ದಿಂಬು ತಂದುಕೊಟ್ಟರೆ ಮುಟ್ಟಲಿಲ್ಲ. ನಿನ್ನೆ ನಾನೇ ನಿನ್ನ ದಿಂಬನ್ನು ಅವಳ ತಲೆಯ ಕೆಳಗೆ ಸರಿಸಿದೆ.

"ನಿಮ್ಮಪ್ಪ ಏನಂದಾರು?" ಎಂದಳು.

"ಬೈತಾನ, ಇಷ್ಟ ದಿನ ಯಾಕ ಮಲಗಲಿಲ್ಲ ಅಂತ."

ನಕ್ಕಳು ಅಪ್ಪಾ. ನೀನು ಹೋದಮೇಲೆ ಮೊದಲ ಸಲ.

ನಿನ್ನ ಮಗಳು